ಎಸ್ಟೇಟಿನ ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬೇಕು, ಮಾಡಿದವರು ಸ್ವಲ್ಪ ಹೇಳಿ

ನಾಪೋಕ್ಲು (ಕೇಳಿದವರು):
ಎಲ್ಲರಿಗೂ ನಮಸ್ಕಾರ. 2019ರಲ್ಲಿ ತಗೊಂಡ ಡೆಸ್ಕ್‌ಟಾಪ್, ಎಂಟನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10 ಇದೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಾ ಇರುತ್ತೆ. ಅಂಗಡಿಯವರು ‘ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋಣ’ ಅಂದ್ರು. ಅದರಲ್ಲಿ ಅಪ್ಪನ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿ ಪಟ್ಟಿ), ಟ್ಯಾಲಿ ಲೆಕ್ಕ, ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಅರ್ಜಿಗಳು, ಜೊತೆಗೆ 2008ರಿಂದ ಬರೆದಿಟ್ಟ ಮಳೆ ಲೆಕ್ಕ ಇದೆ. ನಾನೇ ಮಾಡಬಹುದಾ? ಏನೇನು ನೋಡ್ಕೋಬೇಕು?

ವಿರಾಜಪೇಟೆ:
ಖಂಡಿತ ಮಾಡಬಹುದು. ಆದರೆ ನಾನು ಮಾಡಿದ ಹಾಗೆ ಮಾತ್ರ ಮಾಡಬೇಡಿ.

ನಮ್ಮ ಮನೆ ಕಂಪ್ಯೂಟರಿನಲ್ಲಿ ಸಿ, ಡಿ ಎರಡು ಭಾಗ ಇತ್ತು. ಫೋಟೋ ಎಲ್ಲಾ ಡಿಗೆ ಹಾಕಿ, ಸಿ ಒಂದನ್ನೇ ಅಳಿಸೋಣ ಅಂತ ವಿಂಡೋಸ್ ಇರುವ ಪೆನ್‌ಡ್ರೈವ್ ಚುಚ್ಚಿ ಕೂತೆ. ಎಲ್ಲಿ ಹಾಕಬೇಕು ಅಂತ ಕೇಳುವ ಪರದೆ ಬಂತು ನೋಡಿ, ಅಲ್ಲಿ ಸಿ ಅಂತಲೂ ಇಲ್ಲ, ಡಿ ಅಂತಲೂ ಇಲ್ಲ. ಡಿಸ್ಕ್ 0, ಪಾರ್ಟಿಷನ್ 1, 2, 3, 4 ಅಂತ ಸಾಲಾಗಿ ಇದೆ. ಎರಡು ದೊಡ್ಡ ಭಾಗಗಳ ಗಾತ್ರ ಹೆಚ್ಚೂಕಡಿಮೆ ಒಂದೇ. ಒಂದನ್ನು ಆರಿಸಿ ಡಿಲೀಟ್ ಒತ್ತಿದೆ. ಅದೇ ಡಿ ಆಗಿತ್ತು. ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ.

ಆಮೇಲೆ ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲಾ ಓಡಿಸಿದೆ. ಸುಮಾರು ಫೋಟೋ ಸಿಕ್ಕಿದವು, ಸುಳ್ಳು ಹೇಳಲ್ಲ. ಆದರೆ ಒಂದಕ್ಕೂ ಹೆಸರಿಲ್ಲ. ಎಫ್ ಅಕ್ಷರ, ಅದರ ಹಿಂದೆ ಉದ್ದಕ್ಕೆ ಅಂಕಿಗಳು. ಯಾವುದು ಪುತ್ತರಿ ಹಬ್ಬ, ಯಾವುದು ತಂಗಿ ಮದುವೆ, ಒಂದೊಂದಾಗಿ ತೆರೆದು ನೋಡ್ಬೇಕು. ಇನ್ನೂ ಮುಗಿದಿಲ್ಲ.

ಅದಕ್ಕೇ ಹೇಳ್ತೀನಿ, ನಿಮ್ಮ ಡಿಸ್ಕ್ ಅಳಿಸಲೇ ಬೇಡಿ. ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ತಗೊಳ್ಳಿ, 256 ಜಿಬಿ ಸಾಕು. ಹಳೇ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟು, ಹೊಸದಕ್ಕೆ ಮಾತ್ರ ವಿಂಡೋಸ್ ಹಾಕಿ. ಕೇಬಲ್ ಕೀಳೋದು ಮುಖ್ಯ. ಎರಡೂ ಒಟ್ಟಿಗೆ ಇದ್ದರೆ ಕಂಪ್ಯೂಟರ್ ಶುರು ಮಾಡುವ ಬೂಟ್ ಫೈಲುಗಳು ಹಳೇ ಡಿಸ್ಕಿಗೇ ಹೋಗಿ ಕೂರಬಹುದು. ಆಮೇಲೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳೋದೇ ಇಲ್ಲ. ಒಂದು ಮಳೆಗಾಲ ಕಳೆಯುವವರೆಗೆ ಹಳೇ ಡಿಸ್ಕ್ ಬೀರುವಿನಲ್ಲಿ ಇರಲಿ. ಯಾವುದೋ ಫೈಲ್ ನೆನಪಾಗೋದು ಯಾವಾಗಲೂ ಮೂರು ತಿಂಗಳು ಬಿಟ್ಟೇ. ಇನ್ನೊಂದು, ನಿಧಾನಕ್ಕೆ ಕಾರಣ ಬಹುಶಃ ಆ ಹಾರ್ಡ್‌ಡಿಸ್ಕೇ. ಅದೇ ಡಿಸ್ಕಿಗೆ ಮತ್ತೆ ವಿಂಡೋಸ್ ಹಾಕಿದರೆ ಒಂದೆರಡು ತಿಂಗಳು ಚುರುಕಾಗಿರುತ್ತೆ, ಅಷ್ಟೇ.

ಗೋಣಿಕೊಪ್ಪ:
ರಿಪೇರಿ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಮೇಲೆ ಹೇಳಿದ್ದು ಸರಿ. ಆದರೆ ಫಾರ್ಮ್ಯಾಟ್‌ಗೆ ಮುಂಚೆ ಒಂದು ಸಲ ಕ್ಯಾಬಿನೆಟ್ ಬಿಚ್ಚಿ ನೋಡಿ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ, ಕಂಪ್ಯೂಟರ್ ಬಿಡುತ್ತಾ? ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲು ನೋಡಿ. ಮಂಕಾಗಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅಂತ ಶಬ್ದ ಬರುವ ಹಾಗೆ ಕೂರಿಸಿ. ಇದ್ದಕ್ಕಿದ್ದಂತೆ ನೀಲಿ ಪರದೆ ಬರುವ ಎಷ್ಟೋ ಕಂಪ್ಯೂಟರ್ ಇಷ್ಟಕ್ಕೇ ಸರಿಹೋಗಿವೆ. ವಯರ್ ಕಿತ್ತ ಮೇಲೇ ಕೈ ಹಾಕಿ, ಗೊತ್ತಲ್ಲ.

ಆಮೇಲೆ ತಾರೀಖು. ಆನ್ ಮಾಡಿದಾಗಲೆಲ್ಲಾ ಹಳೇ ವರ್ಷ ತೋರಿಸ್ತಿದ್ದರೆ ಬೋರ್ಡಿನ ಮೇಲಿರುವ ಬಿಲ್ಲೆ ಸೆಲ್ ಸತ್ತಿದೆ. ಸಿಆರ್2032 ಅಂತ ಕೇಳಿದರೆ ಕೊಡ್ತಾರೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಪುಟವೂ ತೆರೆಯಲ್ಲ, ಈಮೇಲೂ ತೆರೆಯಲ್ಲ. ಜನ ಅದನ್ನ ವೈರಸ್ ಅಂದ್ಕೊಂಡು ಫಾರ್ಮ್ಯಾಟ್ ಹೊಡೆಸ್ತಾರೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣ ಬಂದರೆ ಅವತ್ತೇ ಫೈಲ್ ಕಾಪಿ ಮಾಡಿ ಮುಗಿಸಿ. ಒಬ್ಬರು ಒಂದೇ ಡಿಸ್ಕನ್ನು ಮೂರು ಸಲ ಫಾರ್ಮ್ಯಾಟ್ ಮಾಡಿಸ್ಕೊಂಡು ಆಮೇಲೆ ನನ್ನ ಹತ್ತಿರ ತಂದಿದ್ದರು. ಸಾಯ್ತಾ ಇರೋ ಡಿಸ್ಕಿಗೆ ಎಷ್ಟು ಸಲ ಸ್ನಾನ ಮಾಡಿಸಿದರೇನು?

ನಿಮ್ಮದು ಎಂಟನೇ ಜನರೇಷನ್ ಆಗಿರೋದು ಒಳ್ಳೆಯದಾಯ್ತು, ವಿಂಡೋಸ್ 11 ಹತ್ತುತ್ತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಕೋದಾದರೆ 11 ಹಾಕಿ. ‘ಈ ಕಂಪ್ಯೂಟರಿಗೆ ಆಗಲ್ಲ’ ಅಂದರೆ ಗಾಬರಿ ಬೇಡ. ಬಯೋಸ್‌ನಲ್ಲಿ, ಅಂದ್ರೆ ಬೋರ್ಡಿನ ಸ್ವಂತ ಸೆಟ್ಟಿಂಗ್‌ನಲ್ಲಿ, ಪಿಟಿಟಿ ಅಂತ ಒಂದು ಇರುತ್ತೆ, ಬಹಳ ಬೋರ್ಡುಗಳಲ್ಲಿ ಆಫ್ ಇರುತ್ತೆ. ಅದನ್ನು ಆನ್ ಮಾಡಿದರೆ 11 ಕೇಳುವ ಟಿಪಿಎಂ ಅನ್ನೋ ಭದ್ರತಾ ಸೌಲಭ್ಯ ಬರುತ್ತೆ. ರ‍್ಯಾಮ್ 4 ಇದ್ದರೂ ಹತ್ತುತ್ತೆ, ಆದರೆ ಇನ್ನೊಂದು 4 ಹಾಕಿಸಿ.

ಸೋಮವಾರಪೇಟೆ:
ಹೋಂಸ್ಟೇ ನಡೆಸ್ತೀನಿ. ನಿಮ್ಮದು ಡೆಸ್ಕ್‌ಟಾಪ್, ಆದರೂ ಲ್ಯಾಪ್‌ಟಾಪ್ ಇರುವವರಿಗೆ ಉಪಯೋಗ ಆಗಲಿ ಅಂತ ಹೇಳ್ತಿದ್ದೀನಿ. ಪೆನ್‌ಡ್ರೈವಿನಿಂದ ಬೂಟ್ ಮಾಡೋಕೆ ಬಯೋಸ್‌ನಲ್ಲಿ ಏನೋ ಬದಲಾಯಿಸಿದೆ. ಬೇಡ ಅನ್ನಿಸಿ ಹಾಗೇ ಆನ್ ಮಾಡಿದರೆ ನೀಲಿ ಪರದೆ ಬಂದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳ್ತು. ನಾನು ಅದನ್ನ ಯಾವತ್ತೂ ಹಾಕಿಸಿರಲಿಲ್ಲ, ತಾನಾಗೇ ಆನ್ ಆಗಿತ್ತಂತೆ. ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಯಾವ ಖಾತೆ? ಲ್ಯಾಪ್‌ಟಾಪ್ ಕೊಟ್ಟ ದಿನ ಅಂಗಡಿ ಹುಡುಗ ತನ್ನದೇ ಈಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದ. ಅವನು ಕೆಲಸ ಬಿಟ್ಟು ಹೋಗಿ ಎರಡು ವರ್ಷ. ಮೂರು ಸೀಸನ್ನಿನ ಬುಕಿಂಗ್ ಲೆಕ್ಕ ಹೋಯ್ತು. ಒಳಗೆ ಯಾರ ಈಮೇಲ್ ಇದೆ ಅಂತ ಇವತ್ತೇ ನೋಡ್ಕೊಳ್ಳಿ, ಕೀ ಕಾಗದದಲ್ಲಿ ಬರೆದಿಡಿ.

ಭಾಗಮಂಡಲ:
ಕರೆಂಟಿನ ಬಗ್ಗೆ ಯಾರೂ ಹೇಳಿಲ್ಲ, ಅಲ್ವಾ? ಮಳೆ ಜೋರಿರುವ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೂರಬೇಡಿ. ವಿಂಡೋಸ್ ಹಾಕ್ತಾ ಇರೋವಾಗ ಕರೆಂಟ್ ಹೋದರೆ ಮತ್ತೆ ಮೊದಲಿಂದ ಶುರು ಮಾಡಿದರಾಯ್ತು. ಬಯೋಸ್ ಅಪ್‌ಡೇಟ್ ಆಗ್ತಾ ಇರೋವಾಗ ಹೋದರೆ ಮಾತ್ರ ಬೋರ್ಡ್ ಕೈ ಬಿಟ್ಟ ಹಾಗೆ. ಯುಪಿಎಸ್ ಇಲ್ಲದೆ ಅದನ್ನ ಮುಟ್ಟಬೇಡಿ. ವಿಂಡೋಸ್ ಡೌನ್‌ಲೋಡ್ 5 ಜಿಬಿಗಿಂತ ಜಾಸ್ತಿ ಇದೆ, ಪೇಟೆಯಲ್ಲಿ ನೆಟ್ ಚೆನ್ನಾಗಿರುವ ಮನೆಯಲ್ಲಿ ಪೆನ್‌ಡ್ರೈವಿಗೆ ಇಳಿಸ್ಕೊಳ್ಳಿ. ಹಾಕಿದ ಮೇಲೆ ವೈಫೈ ಕಾಣದಿದ್ದರೆ ಮೊಬೈಲನ್ನ ಕೇಬಲ್‌ನಲ್ಲಿ ಸಿಕ್ಕಿಸಿ ಅದರ ನೆಟ್ ಕಂಪ್ಯೂಟರಿಗೆ ಬರುವ ಹಾಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.

ಮಡಿಕೇರಿ:
ಲೆಕ್ಕ ಬರೆಯೋದು ನನ್ನ ಕೆಲಸ, ಹಾಗಾಗಿ ಟ್ಯಾಲಿ ಮತ್ತು ನುಡಿ ಬಗ್ಗೆ ಮಾತ್ರ ಹೇಳ್ತೀನಿ. ಟ್ಯಾಲಿಪ್ರೈಮ್ ಆದರೆ ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ತಗೊಳ್ಳಿ. ಬ್ಯಾಕಪ್ ಆದ ಮೇಲೆ ಲೈಸೆನ್ಸ್ ಸರೆಂಡರ್ ಮಾಡಿ, ಅಂದ್ರೆ ಹಳೇ ವಿಂಡೋಸ್‌ನಿಂದ ಬಿಡಿಸಿ. ಮಾಡದೆ ಹೊಸ ಡಿಸ್ಕಿಗೆ ಹೋದರೆ ಆಮೇಲೆ ಸುಮ್ನೆ ಅಲೆದಾಟ. ನುಡಿ ಫೈಲುಗಳು ಹೊಸ ವಿಂಡೋಸ್‌ನಲ್ಲಿ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು, ಚುಕ್ಕೆ ಇಟ್ಟ ಹಾಗೆ ಕಾಣ್ತವೆ. ಫೈಲ್ ಕೆಟ್ಟಿಲ್ಲ, ಅಳಿಸಿಬಿಡಬೇಡಿ. ಹಳೇ ನುಡಿ ಫಾಂಟ್ ಹಾಕಿದ ತಕ್ಷಣ ಕನ್ನಡ ವಾಪಸ್ ಬರುತ್ತೆ. ಆ ಫಾಂಟುಗಳನ್ನೂ ಕಾಪಿ ಮಾಡ್ಕೊಳ್ಳಿ.

ನಾಪೋಕ್ಲು (ಕೇಳಿದವರು):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಗೀತು. ಭಾನುವಾರ ಬಿಸಿಲಿತ್ತು, ಕರೆಂಟೂ ಇತ್ತು. ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನಿನ ಕೆಳಗೆ ಹಲ್ಲಿ ಮೊಟ್ಟೆಯ ಎರಡು ಚಿಪ್ಪು. ಪಿಟಿಟಿ ನಿಜವಾಗಲೂ ಆಫ್ ಇತ್ತು ಅಣ್ಣ. ಹಳೇ ಡಿಸ್ಕ್ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಹೋಗಿದೆ. ಈಗ ಆನ್ ಆಗೋಕೆ ಕಾಫಿಗೆ ಹಾಲು ಬೆರೆಸುವಷ್ಟೂ ಹೊತ್ತು ಬೇಡ.

ಮಳೆ ಲೆಕ್ಕ ಡಾಕ್ಯುಮೆಂಟ್ಸ್‌ನಲ್ಲಿ ಇರಲೇ ಇಲ್ಲ, ಡಿಯಲ್ಲೂ ಇಲ್ಲ. ಡೆಸ್ಕ್‌ಟಾಪ್ ಮೇಲೆ ‘ನ್ಯೂ ಫೋಲ್ಡರ್ 3’ರೊಳಗೆ ಇತ್ತು. ಅಂಗಡಿಗೆ ಕೊಟ್ಟಿದ್ದರೆ ಅದು ಸಿ ಜೊತೆಗೇ ಹೋಗ್ತಿತ್ತು. ಅಪ್ಪ ಬಂದು ಕೂತು, ನಿನ್ನೆಯ ಮಳೆ 1 ಇಂಚು 20 ಸೆಂಟ್ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ) ತುಂಬಿಸಿದರು. ಆಮೇಲೆ ಪರದೆಯ ಸುತ್ತ ನೋಡಿ ಕೇಳಿದ್ದು ಒಂದೇ: ‘ನನ್ನ ಇಸ್ಪೀಟ್ ಎಲ್ಲಿಟ್ಟೆ?’