ಸ್ಲೈಡಿಂಗ್ ಡೈ ಹೋಲ್ಡರ್: ಸ್ಲೀವ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ, ಶಾಫ್ಟ್ ಟೇಪರ್ ಬರೋದ್ಯಾಕೆ?

ಚಕ್‌ಕೀ

7×14 ಮಿನಿ ಲೇತ್. ಟೇಲ್‌ಸ್ಟಾಕ್‌ಗೆ (ಚಕ್‌ನ ಎದುರು ತುದಿಯ ಆಧಾರ) ಸ್ಲೈಡಿಂಗ್ ಡೈ ಹೋಲ್ಡರ್ ಮಾಡ್ತಿದ್ದೇನೆ, ಅಂದರೆ ಬಾರ್ ಮೇಲೆ ಥ್ರೆಡ್ ಕೊರೆಯುವ ಡೈಯನ್ನು ನೇರವಾಗಿ ಹಿಡಿಯುವ ಸಾಧನ. ಒಂದು ತುದಿ ಎಂಟಿ2 (ಮೋರ್ಸ್ ಟೇಪರ್ 2) ಟೇಪರ್, ಅಂದರೆ ಹೋಗ್ತಾ ಹೋಗ್ತಾ ಸಣ್ಣಗಾಗುವ ಆಕಾರ, ಇನ್ನೊಂದು ತುದಿ 12 ಮಿ.ಮೀ. ಶಾಫ್ಟ್, ಅದರ ಮೇಲೆ ಹಿಂದೆ ಮುಂದೆ ಓಡಾಡುವ ಸ್ಲೀವ್. ಸ್ಲೀವ್‌ಗೆ 11.8 ಡ್ರಿಲ್ ಹಾಕಿ 12 ಎಚ್7 (ಅಳತೆಯ ನಿಖರತೆ ಹೇಳುವ ದರ್ಜೆ) ರೀಮರ್ ಬಿಟ್ಟಿದ್ದೇನೆ, ಬೋರ್ 12.01 ತೋರಿಸುತ್ತೆ.

ತೊಂದರೆ ಇರೋದು ಶಾಫ್ಟ್‌ನಲ್ಲಿ. 20 ಮಿ.ಮೀ. ಬ್ರೈಟ್ ಬಾರ್ ಅನ್ನು ಚಕ್‌ನಲ್ಲಿ ಹಿಡಿದು, ಆಚೆ ತುದಿಗೆ ಲೈವ್ ಸೆಂಟರ್ (ಜಾಬ್ ಜೊತೆಗೇ ತಿರುಗುವ ಆಧಾರದ ಮೊನೆ) ಕೊಟ್ಟು 100 ಮಿ.ಮೀ. ಉದ್ದ ಟರ್ನ್ ಮಾಡಿದೆ. ಚಕ್ ಕಡೆ 12.03, ಸೆಂಟರ್ ಕಡೆ 11.95. ಬೇಕಾಗಿದ್ದದ್ದು ಉದ್ದಕ್ಕೂ 11.985. ಸ್ಲೀವ್ ಅರ್ಧದ ತನಕ ಸಲೀಸಾಗಿ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತೆ. ಟೂಲ್ ಸಿಸಿಎಂಟಿ ಟಿಪ್ (ಬದಲಿಸಬಹುದಾದ ಕಾರ್ಬೈಡ್ ತುಣುಕು), ನೋಸ್ ರೇಡಿಯಸ್ 0.4, ಸುಮಾರು 600 ಆರ್‌ಪಿಎಂ, ಕೊನೆಯ ಕಟ್ 0.05. ಕ್ವಿಲ್ (ಸೆಂಟರ್ ಹಿಡಿದು ಟೇಲ್‌ಸ್ಟಾಕ್‌ನಿಂದ ಹೊರಬರುವ ಕೊಳವೆ) 60 ಮಿ.ಮೀ. ಹೊರಗಿದೆ. ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಭಾಗ) ಬಿಚ್ಚಿ ಅಡಿಗೆ ಶಿಮ್ (ತೆಳು ತಗಡು) ಹಾಕಬೇಕಾ?

ಮೈಕ್ರಾನ್‌ಮಾಮ

ಹೆಡ್‌ಸ್ಟಾಕ್ ಮುಟ್ಟಬೇಡಿ. ಎರಡೇ ಅಳತೆಯಿಂದ ಏನೂ ಗೊತ್ತಾಗಲ್ಲ. ಅದೇ ಶಾಫ್ಟ್‌ನ ಮೇಲೆ ಚಕ್ ಕಡೆಯಿಂದ ಶುರುಮಾಡಿ 25 ಮಿ.ಮೀ.ಗೊಂದರಂತೆ ಐದು ಜಾಗದಲ್ಲಿ ಮೈಕ್ರೋಮೀಟರ್ ಹಿಡಿದು ಬರೆದುಕೊಳ್ಳಿ. ವರ್ನಿಯರ್ ಬೇಡ, ನಾವು ಹುಡುಕುತ್ತಿರುವ ವ್ಯತ್ಯಾಸ ಅದರ ಅಳತೆಗೆ ಸಿಗುವಂಥದ್ದಲ್ಲ.

ಐದು ಅಂಕಿ ಸಾಲಾಗಿ ಬಂದರೆ ಕಾರಣ ತಾನಾಗೇ ಕಾಣುತ್ತೆ. ಮಧ್ಯದಲ್ಲಿ ದಪ್ಪ, ಎರಡೂ ತುದಿ ಸಣ್ಣ ಅಂದರೆ ಟೂಲ್ ಒತ್ತಡಕ್ಕೆ ಬಾರ್ ಬಾಗುತ್ತಿದೆ. ಒಂದು ತುದಿಯಿಂದ ಇನ್ನೊಂದಕ್ಕೆ ಸಮನಾಗಿ ಏರಿದರೆ ಹೆಡ್‌ಸ್ಟಾಕ್ ದಿಕ್ಕು ತಪ್ಪಿರಬಹುದು ಅಥವಾ ಬೆಡ್ ತಿರುಚಿರಬಹುದು. ಚಕ್ ಹತ್ತಿರ ಹೆಚ್ಚೂಕಮ್ಮಿ ಒಂದೇ ಅಳತೆ ಇದ್ದು, ಸೆಂಟರ್ ಕಡೆ ಹೋದ ಹಾಗೆ ಬೇಗಬೇಗ ಬದಲಾದರೆ ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿದೆ. ಚಕ್ ಬಾರ್ ಅನ್ನು ಬಿಗಿಯಾಗಿ ಹಿಡಿದಿರುತ್ತೆ, ಸೆಂಟರ್ ಅದರ ತುದಿಯನ್ನು ಪಕ್ಕಕ್ಕೆ ಎಳೆಯುತ್ತೆ. ಹಾಗಾಗಿ ಬಾರ್ ನೇರವಾಗಿ ಓರೆಯಾಗೋದಿಲ್ಲ, ಬಿಲ್ಲಿನ ಹಾಗೆ ಬಾಗುತ್ತೆ. ತುದಿಯಲ್ಲಿ ಎಷ್ಟು ತಪ್ಪಿದೆಯೋ ಅದರ ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಮಾತ್ರ ನಡುಮಧ್ಯದಲ್ಲಿ ಕಾಣುತ್ತೆ. ಎರಡು ಸೆಂಟರ್ ನಡುವೆ ಹಿಡಿದ ಜಾಬ್‌ನಲ್ಲಾದರೆ ಇದೇ ತಪ್ಪು ನೇರ ಟೇಪರ್ ಆಗಿ ಬರುತ್ತೆ.

ಬೋರಿಂಗ್‌ಬಾರ್

ಇಷ್ಟೆಲ್ಲ ಯಾಕೆ? ಡೈ ಹೋಲ್ಡರ್‌ಗೆ 0.05 ಸಡಿಲ ಇದ್ದರೂ ನಡೆಯುತ್ತೆ, ಡೈ ತನ್ನ ದಾರಿ ತಾನೇ ಹಿಡಿಯುತ್ತೆ. ದಪ್ಪ ಇರುವ ಕಡೆ ಸಣ್ಣ ಅರ ಆಡಿಸಿ, 240ರ ಎಮರಿ ಹೊಡೆದು ಸ್ಲೀವ್ ಕೂರಿಸಿ ಮುಗಿಸಿ. ಎಮರಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಪಟ್ಟಿಯ ಎರಡೂ ತುದಿ ಕೈಯಲ್ಲಿ ಬಿಡಿಯಾಗಿರಲಿ. ಬೆಡ್ ಮೇಲೆ ಪೇಪರ್ ಹಾಸಿ, ಉದುರುವ ಪುಡಿ ಸ್ಲೈಡ್‌ಗಳನ್ನು ತಿಂದುಹಾಕುತ್ತೆ.

ಹೊಸದಾಗಿ ಮಾಡೋದಾದರೆ ಆ 12 ಮಿ.ಮೀ. ಶಾಫ್ಟ್ ಟರ್ನ್ ಮಾಡುವ ಗೋಜೇ ಬೇಡ. ಮೆತ್ತನೆಯ ಎಂಟಿ2 ಬ್ಲ್ಯಾಂಕ್ ಆರ್ಬರ್ ತಗೊಳ್ಳಿ, ಸ್ಪಿಂಡಲ್ ಎಂಟಿ3 ಆದ್ದರಿಂದ ಎಂಟಿ3–ಎಂಟಿ2 ಸ್ಲೀವ್ ಮೂಲಕ ಸ್ಪಿಂಡಲ್‌ನಲ್ಲೇ ಕೂರಿಸಿ, ಹಿಂದಿನಿಂದ ಡ್ರಾಬಾರ್ ಎಳೆದು 12.05ಕ್ಕೆ ಬೋರ್ ಮಾಡಿ, 35 ಮಿ.ಮೀ. ಆಳ. 12 ಮಿ.ಮೀ. ಸಿಲ್ವರ್ ಸ್ಟೀಲ್ (ನಿಖರವಾಗಿ ಗ್ರೈಂಡ್ ಮಾಡಿ ಬರುವ ಉಕ್ಕಿನ ರಾಡ್) ತುಂಡನ್ನು ಲಾಕ್‌ಟೈಟ್ 638 ಅಂಟು ಹಚ್ಚಿ ಕೂರಿಸಿ. ಬೋರ್ ತಳದಿಂದ ಹಿಂದಕ್ಕೆ ಗಾಳಿ ಹೋಗಲು ತೂತು ಇರಲೇಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ರಾಡ್ ಅನ್ನು ವಾಪಸ್ ತಳ್ಳುತ್ತೆ, ಅಂಟು ಅರ್ಧಕ್ಕೇ ಕಟ್ಟಿಕೊಳ್ಳುತ್ತೆ. ಎರಡು ಮೇಲ್ಮೈಯಲ್ಲೂ ಎಣ್ಣೆ ಪಸೆ ಇರಬಾರದು. ತಿರುಗಿಸುತ್ತಾ ಒಂದೇ ಸಲಕ್ಕೆ ತಳ ಮುಟ್ಟಿಸಿ, ನಡುವೆ ನಿಲ್ಲಿಸಿದರೆ ಕೆಟ್ಟಿತು. ಒಂದು ದಿನ ಬಿಟ್ಟು ಕೆಲಸಕ್ಕೆ ಹಾಕಿ.

ಲೀನಿಯರ್ ಬೇರಿಂಗ್‌ಗೆ ಬರುವ ಎಚ್6 ರಾಡ್ ಕೂಡ ಅಳತೆಯಲ್ಲಿ ಸೊಗಸಾಗಿರುತ್ತೆ (12.000ರಿಂದ 11.989). ಆದರೆ ಅದರ ಮೇಲ್ಮೈ ಹಾರ್ಡನ್ ಆಗಿರುತ್ತೆ, ಹ್ಯಾಕ್ಸಾ ಜಾರುತ್ತೆ, ಕಟಿಂಗ್ ವೀಲ್ ಬೇಕು.

ಚಕ್‌ಕೀ

ಅಳೆದೆ. ಚಕ್ ಕಡೆಯಿಂದ: 12.03, 12.02, 12.005, 11.98, 11.95.

ಮೈಕ್ರಾನ್‌ಮಾಮ

ಟೇಲ್‌ಸ್ಟಾಕ್ ಅಂತ ಅಂಕಿಗಳೇ ಹೇಳುತ್ತಿವೆ. ಮೊದಲ 25 ಮಿ.ಮೀ.ನಲ್ಲಿ 0.01, ಕೊನೆಯ 25 ಮಿ.ಮೀ.ನಲ್ಲಿ 0.03. ವ್ಯಾಸದಲ್ಲಿ 0.08 ಕಮ್ಮಿ ಅಂದರೆ ಸೆಂಟರ್ 0.04 ತಪ್ಪಿದೆ. ಆ ತುದಿ ಸಣ್ಣಗಾಗಿರುವುದರಿಂದ ಅದು ನಿಮ್ಮ ಕಡೆಗೆ, ಟೂಲ್ ಕಡೆಗೆ ಬಂದಿದೆ. ಅಷ್ಟನ್ನು ಹಿಂದಕ್ಕೆ ತಳ್ಳಬೇಕು.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಕ್ಯಾರೇಜ್ (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ಮೇಲೆ ಡಯಲ್ ಗೇಜ್ ಇಟ್ಟು, ಅದರ ಮೊನೆಯನ್ನು ಕ್ವಿಲ್‌ನ ನಿಮ್ಮ ಕಡೆಯ ಪಕ್ಕಕ್ಕೆ ತಾಗಿಸಿ ಕ್ವಿಲ್ ಲಾಕ್ ಬಿಗಿ ಮಾಡಿ, ಸಡಿಲಿಸಿ. ಲಾಕ್ ಮಾಡಿದಾಗಲೇ ಮುಳ್ಳು 0.02–0.03 ಓಡಿದರೆ ತಪ್ಪಿನ ದೊಡ್ಡ ಪಾಲು ಅಲ್ಲೇ ಇದೆ. 60 ಮಿ.ಮೀ. ಕ್ವಿಲ್ ಹೊರಗೆ ಬಿಡೋದು ಅತಿಯಾಯಿತು. ಟೂಲ್ ಪೋಸ್ಟ್‌ಗೆ ಜಾಗ ಸಿಗುವಷ್ಟು, 20–25 ಸಾಕು. ಟೇಲ್‌ಸ್ಟಾಕ್ ಬಿಗಿ ಮಾಡುವ ನಟ್‌ಗೂ ಇದೇ ಪರೀಕ್ಷೆ ಮಾಡಿ. ಬುಡದ ಕೆಳಗೆ ಒಂದು ಚಿಪ್ ಸಿಕ್ಕಿಕೊಂಡಿದ್ದರೂ ಇದೇ ಕಥೆ.

ಆಮೇಲೆ ಹೊಂದಿಸುವುದು. ಹಲವು ಮಿನಿ ಲೇತ್‌ಗಳಲ್ಲಿ ಟೇಲ್‌ಸ್ಟಾಕ್‌ನ ಮೇಲ್ಭಾಗವನ್ನೂ ಬುಡವನ್ನೂ ಜೋಡಿಸುವ ಸ್ಕ್ರೂ ಅಡಿಯಲ್ಲೇ ಇರುತ್ತೆ, ಬೆಡ್‌ನಿಂದ ಇಳಿಸಿಯೇ ಸಡಿಲಿಸಬೇಕು. ಪೂರ್ತಿ ಬಿಚ್ಚಬೇಡಿ, ತಟ್ಟಿದರೆ ಜರುಗುವಷ್ಟು ಬಿಗಿ ಉಳಿಸಿ. ಮತ್ತೆ ಕೂರಿಸಿ, ಟೇಲ್‌ಸ್ಟಾಕ್ ಬಿಗಿ ಮಾಡಿ, ಡಯಲ್ ಸೊನ್ನೆ ಮಾಡಿ, ಹಿತ್ತಾಳೆ ತುಂಡು ಅಡ್ಡ ಹಿಡಿದು ಸಣ್ಣ ಸುತ್ತಿಗೆಯಿಂದ 0.04 ಹಿಂದಕ್ಕೆ ತಟ್ಟಿ. ಇಳಿಸಿ, ಸ್ಕ್ರೂ ಬಿಗಿ ಮಾಡಿ, ಏರಿಸಿ. ಇಲ್ಲಿ ಡಯಲ್‌ನ ಹಳೆಯ ಸೊನ್ನೆ ನಂಬೋ ಹಾಗಿಲ್ಲ, ಬಿಗಿ ಮಾಡುವಾಗ ಕೊಂಚ ಜರುಗಿಯೇ ಜರುಗುತ್ತೆ. ಒಂದು ಚೂರು ಬಾರ್ ಹಿಡಿದು ಎರಡು ತುದಿಯಲ್ಲೂ ಟೂಲ್ ಮುಂದೆ ತಳ್ಳುವ ಹಿಡಿಕೆಯ ಒಂದೇ ಅಂಕಿಯಲ್ಲಿ ಕಟ್ ತೆಗೆದು ಅಳೆದು ನೋಡಿ. ಕಟ್ ಹೇಳಿದ್ದೇ ಕೊನೆ ಮಾತು.

ಎತ್ತರದ ತಪ್ಪಿಗೆ ಈ ಕೆಲಸದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಸೆಂಟರ್ 0.1 ಮೇಲಿದ್ದರೂ 12 ಮಿ.ಮೀ. ಶಾಫ್ಟ್‌ನ ವ್ಯಾಸ 2 ಮೈಕ್ರಾನ್ ಕೂಡ ಬದಲಾಗಲ್ಲ. ಡ್ರಿಲ್, ರೀಮರ್ ಹಾಕುವಾಗ ಮಾತ್ರ ಅದೇ 0.1 ಬೋರ್ ಅಗಲ ಮಾಡುತ್ತೆ.

ಕೊನೆಯ ಕಟ್ 0.05 ಅಂದಿರಿ. ಮಾಮೂಲಿ ಸಿಸಿಎಂಟಿ ಟಿಪ್‌ನ ಅಂಚು ಚೂಪಲ್ಲ, ಗುಂಡಗಿರುತ್ತೆ. ಅಷ್ಟು ತೆಳು ಕಟ್‌ನಲ್ಲಿ ಅದು ಕತ್ತರಿಸುವ ಬದಲು ಉಜ್ಜುತ್ತೆ, ಬಾರ್ ಅನ್ನು ಪಕ್ಕಕ್ಕೆ ತಳ್ಳುತ್ತೆ. ಅಲ್ಯೂಮಿನಿಯಂಗೆ ಬರುವ ಸಿಸಿಜಿಟಿ ಟಿಪ್ ಹಾಕಿ, ಇಲ್ಲವೇ ಎಣ್ಣೆಕಲ್ಲಿನಲ್ಲಿ ಮಸೆದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಇಟ್ಟು ಸ್ಪೀಡ್ ಇಳಿಸಿ. ಕೊನೆಯ ಎರಡು ಕಟ್ ಒಂದೇ ಆಳದ್ದಾಗಿರಲಿ, ತಲಾ 0.15. ಮೊದಲನೆಯದು ಅಳತೆಯಲ್ಲಿ ಎಷ್ಟು ಬಂತೋ ಎರಡನೆಯದೂ ಅಷ್ಟೇ ಬರುತ್ತೆ.

ಎಮರಿ ಉಪಾಯ ಈ ಒಂದು ತುಂಡಿಗೆ ಸರಿ. ಟೇಲ್‌ಸ್ಟಾಕ್ ಹಾಗೇ ಬಿಟ್ಟರೆ ಮುಂದಿನ ಶಾಫ್ಟ್‌ಗೂ ಇದೇ ಪಾಡು.

ಅರೆಬಿಸಿ

ಶಾಫ್ಟ್ ವಿಷಯ ಮುಗಿಯಿತು, ಉಳಿದದ್ದಕ್ಕೆ ನನ್ನದೊಂದಿಷ್ಟು.

ಶಾಫ್ಟ್‌ನ ನಡುವೆ ಉದ್ದಕ್ಕೂ 6.5 ತೂತು ಆರಪಾರ ಇರಲಿ, ಉದ್ದ ಥ್ರೆಡ್ ಹಾಕುವಾಗ ರಾಡ್ ಒಳಗೆ ಹೋಗುತ್ತೆ, ಸ್ಲೀವ್‌ನೊಳಗೆ ಗಾಳಿಯೂ ಸಿಕ್ಕಿಕೊಳ್ಳಲ್ಲ. ಈ ಕಾರಣಕ್ಕೇ ಹಾರ್ಡನ್ ರಾಡ್ ಬೇಡ ಅನ್ನುತ್ತೇನೆ. ಸ್ಲೀವ್ ಬೋರ್ 12ಕ್ಕೆ ಕನಿಷ್ಠ 30 ಉದ್ದ, ಗಿಡ್ಡ ಇದ್ದರೆ ಓರೆಯಾಗಿ ಕಚ್ಚುತ್ತೆ.

ಡೈ ಗುಳಿ: ಎಂ3, ಎಂ4 ಡೈ 20 ವ್ಯಾಸ 5 ದಪ್ಪ, ಎಂ5, ಎಂ6 ಡೈ 20 ವ್ಯಾಸ 7 ದಪ್ಪ. ಗುಳಿಯನ್ನು 20.05 ವ್ಯಾಸ, 7 ಆಳ ಮಾಡಿ, 5ರ ಡೈಗಳಿಗೆ ಕೆಳಗೆ 2 ಮಿ.ಮೀ. ರಿಂಗ್ ಹಾಕಿ. ಎಂ8ಕ್ಕೆ 25×9, ಅದಕ್ಕೆ ಬೇರೆ ಸ್ಲೀವ್. ಡೈ ಇಂಚಿನದ್ದಾದರೆ (13/16 ಅಂದರೆ 20.6) ಮೊದಲು ಕೈಯಲ್ಲಿರುವ ಡೈ ಅಳೆದೇ ಗುಳಿ ಮಾಡಿ. ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಮೂರು: ನಡುವಿನದು ಮೊನೆಯಿದ್ದು ಡೈ ಸೀಳಿನೊಳಗೆ ಕೂತು ಅಗಲಿಸುತ್ತೆ, ಅಕ್ಕಪಕ್ಕದವು ಒತ್ತುತ್ತವೆ. ಗುಳಿಯನ್ನು ರೀಮ್ ಮಾಡಿದ ಸೆಟ್ಟಿಂಗ್‌ನಲ್ಲೇ, ಚಕ್‌ನಿಂದ ಬಿಚ್ಚದೆ ಬೋರ್ ಮಾಡಬೇಕು. ತಿರುಗಿಸಿ ಹಿಡಿದಿರೋ, ಎರಡರ ಸೆಂಟರ್ ಬೇರೆಯಾಯಿತು.

ಎಂಟಿ2 ಟೇಪರ್ ಟರ್ನ್ ಮಾಡುವಾಗ ಕಾಂಪೌಂಡ್‌ನ (ಕೋನಕ್ಕೆ ತಿರುಗಿಸಬಹುದಾದ ಟೂಲ್ ಸ್ಲೈಡ್) ಡಿಗ್ರಿ ಗೆರೆ ನಂಬಬೇಡಿ. ಅರ್ಧಕೋನ 1°25′50″, ಆ ಗೆರೆಗಳಲ್ಲಿ ಅದು ಓದಲಿಕ್ಕೇ ಆಗದು. ಎರಡೂ ತುದಿಯಲ್ಲಿ ಸೆಂಟರ್ ತೂತಿರುವ ಒಳ್ಳೆಯ ಎಂಟಿ2 ಆರ್ಬರ್ ಒಂದನ್ನು ಎರಡು ಸೆಂಟರ್ ನಡುವೆ ಹಿಡಿದು, ಟೂಲ್ ಪೋಸ್ಟ್‌ನಲ್ಲಿ ಡಯಲ್ ಇಟ್ಟು ಕಾಂಪೌಂಡ್ ಓಡಿಸಿ, ಮುಳ್ಳು ಅಲುಗದ ತನಕ ಕೋನ ಸರಿಮಾಡಿ. ಡಯಲ್ ಮೊನೆಯೂ ಆಮೇಲೆ ಟೂಲೂ ಸರಿಯಾಗಿ ಸೆಂಟರ್ ಎತ್ತರದಲ್ಲಿರಬೇಕು. ಆದಮೇಲೆ ಉದ್ದಕ್ಕೆ ಮಾರ್ಕರ್‌ನಲ್ಲಿ ಮೂರು ಗೆರೆ ಎಳೆದು ಸಾಕೆಟ್‌ನಲ್ಲಿ ಕಾಲು ಸುತ್ತು ತಿರುಗಿಸಿ. ಒಂದೇ ತುದಿಯಲ್ಲಿ ಅಳಿಸಿದರೆ ಕೋನ ತಪ್ಪಿದೆ, ಎರಡು ತುದಿಯಲ್ಲೂ ಅಳಿಸಿ ನಡುವೆ ಉಳಿದರೆ ಪರವಾಗಿಲ್ಲ.

ಬಳಸುವಾಗ ಎಂ6ಕ್ಕೆ ಬಾರ್ 5.9 ಇರಲಿ, ತುದಿಗೆ 45° ಚೇಂಫರ್ 4.7ರ ತನಕ. ಚಕ್ ಕೈಯಲ್ಲೇ ತಿರುಗಿಸಿ. ಮೋಟಾರ್ ಹಾಕಲೇಬೇಕೆಂದರೆ ಸ್ಲೀವ್‌ಗೆ ಹಿಡಿಕೆ ರಾಡ್ ಚುಚ್ಚಬೇಡಿ, ನರ್ಲಿಂಗ್ (ಹಿಡಿತಕ್ಕೆ ಒತ್ತಿದ ಗೀರುಗಳು) ಮಾತ್ರ. ಡೈ ಜಾಬ್‌ನ ಭುಜ (ದಪ್ಪ ಶುರುವಾಗುವ ಜಾಗ) ಮುಟ್ಟಿದ ಕೂಡಲೇ ಕೈ ಬಿಟ್ಟರೆ ಸ್ಲೀವ್ ಜೊತೆಗೇ ಸುತ್ತುತ್ತೆ, ಹಿಡಿಕೆ ಇದ್ದರೆ ಬೆರಳು ಹೋಗುತ್ತೆ.

ಚಕ್‌ಕೀ

ಕ್ವಿಲ್ ಲಾಕ್ ಬಿಗಿ ಮಾಡಿದಾಗ ಮುಳ್ಳು 0.025 ನನ್ನ ಕಡೆಗೆ ಬಂತು. ಕ್ವಿಲ್ 20ಕ್ಕೆ ಇಳಿಸಿದ ಮೇಲೆ 0.01. ಉಳಿದದ್ದನ್ನು ತಟ್ಟಿ ಸರಿಮಾಡಿದೆ, ಪರೀಕ್ಷೆ ಬಾರ್‌ನಲ್ಲಿ 100 ಮಿ.ಮೀ.ಗೆ ವ್ಯತ್ಯಾಸ 0.01ರೊಳಗೆ ಬಂದಿದೆ. ಮುಂದೆ ಸಿಸಿಜಿಟಿ ಟಿಪ್ ಹಾಕಿ ಹೊಸ ಬಾರ್‌ನಲ್ಲಿ ಶುರು.