ರೋಗವಿಲ್ಲದವರ 'ಲೈಂಗಿಕ ರೋಗ'ಕ್ಕೆ ಏನನ್ನೋಣ?

ಗೆಳೆಯರೇ,

ಆರೋಗ್ಯದ ಬರಹವೊಂದನ್ನು ತಿದ್ದುತ್ತಾ ಒಂದು ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ. 'ಆರೋಗ್ಯವಂತ ಹೆಂಗಸರಲ್ಲಿ ಲೈಂಗಿಕ ರೋಗಗಳ ಹರಡುವಿಕೆ'. ಓದಿ ನಗು ಬಂತು. ಆರೋಗ್ಯವಂತರು ಅಂದಮೇಲೆ ರೋಗ ಎಲ್ಲಿಂದ ಬಂತು?

ಆದರೆ ವಿಷಯ ಇರುವುದೇ ಹಾಗೆ. ಲೈಂಗಿಕ ಸಂಪರ್ಕದಲ್ಲಿ ದಾಟುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬುದನ್ನೇ ತೆಗೆದುಕೊಳ್ಳಿ. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಬಂದ ಹೆಂಗಸರಲ್ಲೂ, ಇಡೀ ಜಗತ್ತಿನ ಲೆಕ್ಕದಲ್ಲಿ, 100ಕ್ಕೆ ಸುಮಾರು 10ರಿಂದ 12 ಮಂದಿಯಲ್ಲಿ ಈ ವೈರಸ್ ಸಿಗುತ್ತದೆ. ವಯಸ್ಸು 25 ದಾಟದವರಲ್ಲಿ ಇನ್ನೂ ಜಾಸ್ತಿ. ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ದಾರಿಮಾಡುವುದು ವರ್ಷಗಟ್ಟಲೆ ಬೀಡುಬಿಡುವ ಕೆಲವು ಬಗೆಗಳು, ಮುಖ್ಯವಾಗಿ ಈ ವೈರಸ್‌ನ 16 ಮತ್ತು 18ನೇ ಬಗೆ. ಲೈಂಗಿಕ ಸಂಪರ್ಕದಲ್ಲಿ ದಾಟುವ ಇನ್ನೊಂದು ವೈರಸ್, ಎರಡನೇ ಬಗೆಯ ಹರ್ಪೀಸ್, ಹೀಗೆ ಹೋಗುವುದಿಲ್ಲ, ನರಗಳಲ್ಲೇ ಉಳಿಯುತ್ತದೆ. ಆದರೂ ಹೆಚ್ಚಿನವರಿಗೆ ಅದು ಇರುವುದೇ ತಿಳಿದಿರುವುದಿಲ್ಲ.

ಇವರನ್ನೆಲ್ಲ 'ರೋಗಿ' ಅನ್ನುವುದು ಹೇಗೆ? 'ಗುಪ್ತರೋಗ'ವಂತೂ ಬೇಡವೇ ಬೇಡ. ಆಕೆ ಏನನ್ನೋ ಮುಚ್ಚಿಟ್ಟಿದ್ದಾಳೆ ಎಂಬ ಧ್ವನಿ ಅದರಲ್ಲಿದೆ. ಪಾಪ, ಆಕೆಗೇ ಗೊತ್ತಿಲ್ಲ!

'ಸೋಂಕು' ಒಪ್ಪುತ್ತದೆ. ಅದರ ಹಳೆಯ ಅರ್ಥ ತಾಗುವುದು, ಅಷ್ಟೇ. 'ಸೆರಗು ಸೋಕಿತು', 'ಗಾಳಿ ಸೋಕಿದೆ' ಅನ್ನುತ್ತೇವಲ್ಲ, ಅದೇ. ಎಚ್‌ಪಿವಿ ದಾಟುವುದೂ ಚರ್ಮಕ್ಕೆ ಚರ್ಮ ಸೋಕಿಯೇ. ಪದ ಎಷ್ಟು ಚೆನ್ನಾಗಿ ಕೂರುತ್ತದೆ, ಅಲ್ವಾ?

ತೊಡಕಿರುವುದು ಅದು ಇರುವವರನ್ನು ಕರೆಯುವುದರಲ್ಲಿ. 'ಸೋಂಕಿತೆ' ಎಂದರೆ ಕನ್ನಡದ ಬೇರಿಗೆ ಸಂಸ್ಕೃತದ ಬಾಲ. ಅದನ್ನಾದರೂ ಸಹಿಸಬಹುದು, ಆದರೆ ಕೋವಿಡ್ ಸಮಯದಲ್ಲಿ ಕೇಳಿ ಕೇಳಿ ಆ ಪದಕ್ಕೆ ಹೆದರಿಕೆ ಮೆತ್ತಿಕೊಂಡಿದೆ. 'ವಾಹಕಿ' ಅಂದರೆ ಹಂಚುವುದಕ್ಕೆಂದೇ ಹೊತ್ತು ತಿರುಗುವವಳು ಅನ್ನಿಸುತ್ತದೆ. ಸದ್ಯಕ್ಕೆ 'ವೈರಸ್ ಇರುವ ಹೆಂಗಸರು' ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರನ್ನೂ ಚುಚ್ಚುವುದಿಲ್ಲ.

ಇನ್ನು 'ಹರಡುವಿಕೆ'. ಒಬ್ಬರಿಂದ ಒಬ್ಬರಿಗೆ ದಾಟುವುದಕ್ಕೂ ಅದೇ ಪದ, ಒಂದು ಹೊತ್ತಿನಲ್ಲಿ ಎಷ್ಟು ಜನರಲ್ಲಿ ಇದೆ ಎಂಬುದಕ್ಕೂ ಅದೇ. ಎರಡನೆಯದಕ್ಕೆ 'ಇರುವ ಪ್ರಮಾಣ' ಅಂದರೆ ಸಾಕೇ? ಸುಮ್ನೆ 'ನೂರಕ್ಕೆ ಎಷ್ಟು' ಎಂದು ಬರೆದುಬಿಡಲೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿದ್ದರೆ, ಫಲಿತಾಂಶ ಹೇಳುವಾಗ ನೀವು ಬಾಯಲ್ಲಿ ಯಾವ ಮಾತು ಬಳಸುತ್ತೀರಿ ಎಂದು ತಿಳಿಸಿ.