ಸೇನಾ ಸಾಹಸದ ಐತಿಹಾಸಿಕ ಕಾದಂಬರಿಗಳು ಹಿಡಿದು ಕೂರಿಸುವುದು ಯಾವುದರಿಂದ?

ಓಲೆಗರಿ (ಪ್ರಶ್ನೆ):
ನೆಪೋಲಿಯನ್ ಕಾಲದ ಯುದ್ಧಗಳನ್ನಿಟ್ಟುಕೊಂಡು ಬರೆದ ಸಾಹಸ ಕಾದಂಬರಿಗಳು ಸಾಲುಸಾಲು ಸಂಪುಟಗಳಾದರೂ ಓದಿಸಿಕೊಳ್ಳುತ್ತವೆ. 1815ರಲ್ಲಿ ವಾಟರ್ಲೂನಲ್ಲಿ ಸೋತವರು ಯಾರು ಅನ್ನುವುದು ಗೊತ್ತು. ನಾಯಕ ಸಾಯುವುದಿಲ್ಲ ಅನ್ನುವುದೂ ಗೊತ್ತು, ಮುಂದಿನ ಸಂಪುಟ ಕಪಾಟಿನಲ್ಲೇ ಇದೆ. ಹಾಗಿದ್ದೂ ಕುತೂಹಲ ಎಲ್ಲಿಂದ ಬರುತ್ತದೆ? ಅದೇ ಸರಕಿನ ಬೇರೆ ಕೆಲವು ಐವತ್ತು ಪುಟ ದಾಟುವ ಮೊದಲೇ ಸಪ್ಪೆಯಾಗುತ್ತವೆ, ಯಾಕೆ? "ರೋಚಕತೆ", "ಶೌರ್ಯ" ಅಂತ ಒಂದು ಪದದ ಉತ್ತರ ಬೇಡ.

ಕೋವಿಮದ್ದು:
ಯುದ್ಧ ಯಾರದ್ದಾಯಿತು ಅನ್ನುವುದು ಗೊತ್ತಿದ್ದರೇನು, ಮುಂದಿನ ಹದಿನೈದು ಸೆಕೆಂಡು ಗೊತ್ತಿಲ್ಲವಲ್ಲ. ಈ ಬಗೆಯ ಕಾದಂಬರಿ ನಿಂತಿರುವುದೇ ಆ ಕಾಲದ ಆಯುಧಗಳ ನಿಧಾನದ ಮೇಲೆ.

ಚಕಮಕಿ ಕೋವಿ ತುಂಬುವ ಕ್ರಮ ನೋಡಿ. ಕಾಗದದ ತೋಟಾದ ತುದಿ ಹಲ್ಲಲ್ಲಿ ಕಚ್ಚಿ ಹರಿ. ಚಿಟಿಕೆ ಮದ್ದು ಕೋವಿಯ ಬದಿಯಲ್ಲಿರುವ ಕಿಡಿಬಟ್ಟಲಿಗೆ ಹಾಕಿ ಮುಚ್ಚು. ಕೋವಿ ನೆಟ್ಟಗೆ ನಿಲ್ಲಿಸಿ ಉಳಿದ ಮದ್ದು ನಳಿಗೆಗೆ ಸುರಿ, ಗುಂಡು ಮತ್ತು ಕಾಗದ ತುರುಕು, ಗಜದಿಂದ (ಗುಂಡು ಜಡಿಯುವ ಉದ್ದ ಕೋಲು) ಜಡಿ, ಗಜವನ್ನು ಮರಳಿ ಸಿಕ್ಕಿಸು. ಆಮೇಲೆ ಗುರಿ. ಪಳಗಿದ ಸಿಪಾಯಿಗೆ ನಿಮಿಷಕ್ಕೆ ಮೂರು ಗುಂಡು. ನಾಗಾಲೋಟದ ಕುದುರೆಗೆ ನೂರು ಮೀಟರ್ ದಾಟಲು ಹತ್ತು ಸೆಕೆಂಡು ಸಾಕು. ಅಂದರೆ ರಾಹುತರು ನುಗ್ಗಿದಾಗ ಕೈಯಲ್ಲಿರುವುದು ಒಂದೇ ಸುತ್ತು. ಬೇಗ ಹಾರಿಸಿದರೆ ವ್ಯರ್ಥ. ತಡ ಮಾಡಿದರೆ ಸತ್ತ ಕುದುರೆಯೇ ಓಡಿ ಬಂದ ರಭಸಕ್ಕೆ ಸಾಲಿನ ಮೇಲೆ ಬೀಳುತ್ತದೆ. 1812ರ ಜುಲೈ 23ರಂದು ಸ್ಪೇನಿನ ಗಾರ್ಸಿಯಾ ಹೆರ್ನಾಂದೆಸ್‌ನಲ್ಲಿ ಫ್ರೆಂಚರ ಚೌಕವ್ಯೂಹ (ನಾಲ್ಕೂ ದಿಕ್ಕಿಗೆ ಭರ್ಜಿ ಚಾಚಿ ನಿಲ್ಲುವ ಕಾಲಾಳುಗಳ ಚೌಕ) ಒಡೆದದ್ದು ಹೀಗೆಯೇ.

ಈ ಲೆಕ್ಕ ಒಮ್ಮೆ ತಲೆಗೆ ಹೋದರೆ "ಇನ್ನೂ ಬೇಡ" ಅನ್ನುವ ಅಧಿಕಾರಿಯ ಎರಡು ಪದ ಸಾಕು, ಓದುವವನ ಉಸಿರು ಬಿಗಿಯುತ್ತದೆ. ಜತೆಗೆ ಕೆಡುವುದಕ್ಕೆ ನೂರು ದಾರಿ: ತೋಟಾ ಕಚ್ಚಿ ಕಚ್ಚಿ ಮದ್ದಿನ ಪೆಟ್ಲುಪ್ಪಿನಿಂದ ಬಾಯಿ ಒಣಗುತ್ತದೆ, ಮಳೆಗೆ ಮದ್ದು ತೇವವಾಗುತ್ತದೆ, ಇಪ್ಪತ್ತು ಮೂವತ್ತು ಗುಂಡಿಗೆ ಚಕಮಕಿ ಕಲ್ಲು ಮೊಂಡಾಗುತ್ತದೆ, ನಳಿಗೆಯಲ್ಲಿ ಮಸಿ ಕಟ್ಟಿ ಗುಂಡು ಇಳಿಯುವುದಿಲ್ಲ. ಗಾಬರಿಯಲ್ಲಿ ಗಜವನ್ನು ನಳಿಗೆಯಲ್ಲೇ ಮರೆತವನು ಅದನ್ನೂ ಹಾರಿಸಿಬಿಡುತ್ತಾನೆ. ಆಮೇಲೆ ಅವನ ಕೋವಿ ಬರೀ ಭರ್ಜಿ.

ಹಾಯಿಹಗ್ಗ:
ಕೋವಿಯ ಲೆಕ್ಕ ಒಪ್ಪಿದೆ, ಆದರೆ ಅದು ಅರ್ಧ. ಉಳಿದರ್ಧ ಹುದ್ದೆಯದ್ದು. ಇಂಥ ಸರಣಿಗಳ ನಾಯಕ ಬಹುಪಾಲು ಕ್ಯಾಪ್ಟನ್ ಆಸುಪಾಸಿನವನು. ಜನರಲ್ ಆದರೆ ನಕಾಶೆ ನೋಡುತ್ತಾ ಕೂರಬೇಕು, ಬರೀ ಸಿಪಾಯಿಯಾದರೆ ತೀರ್ಮಾನವೇ ಅವನದಲ್ಲ. ನೂರರೊಳಗಿನ ದಳದ ಯಜಮಾನನಿಗೆ ಮೇಲಿನ ಮೂರ್ಖ ಆಜ್ಞೆಯೂ ಬರುತ್ತದೆ, ಕೆಳಗಿನ ಹೆಣಗಳೂ ಲೆಕ್ಕಕ್ಕೆ ಬರುತ್ತವೆ. ಬ್ರಿಟಿಷ್ ಸೇನೆಯಲ್ಲಿ 1871ರವರೆಗೆ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಹಾಗಾಗಿ ಬಡ ಅಧಿಕಾರಿಗೆ ಎದುರಾಳಿ ಹೊರಗೂ ಇದ್ದಾನೆ, ಊಟದ ಮೇಜಿನ ಆಚೆ ಬದಿಯಲ್ಲೂ ಇದ್ದಾನೆ. ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಲು ಆರು ವರ್ಷದ ಸಮುದ್ರಸೇವೆ, ಮೇಲೆ ಪರೀಕ್ಷೆ. ಸರಣಿಗೆ ಮೆಟ್ಟಿಲು ಇದೇ: ಸಾಯುವುದಿಲ್ಲ ಅಂತ ಗೊತ್ತಿರುವ ನಾಯಕ ಬಡ್ತಿ, ಗೆಳೆಯ, ಹಡಗು, ಮಾನ ಯಾವುದನ್ನು ಬೇಕಾದರೂ ಕಳೆದುಕೊಳ್ಳಬಹುದು.

ಇನ್ನು ನಂಬಲಾಗದ್ದು ಚರಿತ್ರೆಯಲ್ಲೇ ಇದೆ. 1801ರ ಮೇ 6, ಬಾರ್ಸಿಲೋನಾ ಬಳಿ. ಬ್ರಿಟಿಷ್ ನೌಕಾಧಿಕಾರಿ ಥಾಮಸ್ ಕಾಕ್ರನ್‌ನ ಪುಟ್ಟ ಹಡಗು ಸ್ಪೀಡಿಯಲ್ಲಿ ನಾಲ್ಕು ಪೌಂಡಿನ ಗುಂಡು ಹಾರಿಸುವ ಹದಿನಾಲ್ಕು ತೋಪು, ಐವತ್ತನಾಲ್ಕು ಜನ. ಎದುರಿಗೆ ಸ್ಪೇನಿನ ಗಾಮೋ: 32 ತೋಪು, ಮುನ್ನೂರಕ್ಕೂ ಹೆಚ್ಚು ಜನ. ಆತ ಅಮೆರಿಕದ ಬಾವುಟ ಏರಿಸಿ ಹತ್ತಿರ ಹೋದ, ಆಮೇಲೆ ಮೈಗೆ ಮೈ ತಾಗುವಷ್ಟು ಒತ್ತಿ ನಿಂತ. ಗಾಮೋದ ತೋಪುಗಳ ಬಾಯಿ ಅಷ್ಟು ಕೆಳಕ್ಕೆ ಬಗ್ಗಲಿಲ್ಲ, ಗುಂಡುಗಳೆಲ್ಲ ತಲೆಯ ಮೇಲಿನ ಹಾಯಿಗೆ ಹೋದವು. ಕೊನೆಗೆ ಚುಕ್ಕಾಣಿಗೆ ವೈದ್ಯನೊಬ್ಬನನ್ನು ಬಿಟ್ಟು ಎಲ್ಲರನ್ನೂ ಗಾಮೋ ಮೇಲೆ ಹತ್ತಿಸಿ ಗೆದ್ದ. ಕಟ್ಟಿ ಬರೆದಿದ್ದರೆ ಸಂಪಾದಕರೇ ಹೊಡೆದುಹಾಕುತ್ತಿದ್ದರು. ಸಂಪುಟದ ಕೊನೆಯಲ್ಲಿ ಚಾರಿತ್ರಿಕ ಟಿಪ್ಪಣಿ ಇರುವುದು ಇದಕ್ಕೇ, ಕೆಲವರು ಅದನ್ನೇ ಮೊದಲು ಓದುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬತ್ತೇರಿ:
ಲಗ್ಗೆಯ ವಿಷಯ ಯಾರೂ ಎತ್ತಲಿಲ್ಲ. ಗಡುವು ತಾನಾಗಿ ಸಿಗುವುದು ಮುತ್ತಿಗೆಯಲ್ಲೇ. 1799ರಲ್ಲಿ ಶ್ರೀರಂಗಪಟ್ಟಣದ ಎದುರು ಇಂಗ್ಲಿಷರಿಗಿದ್ದ ಗಡುವು ಮಳೆಗಾಲ: ಕಾವೇರಿ ತುಂಬಿದರೆ ದಾಟುವಂತಿಲ್ಲ, ಪಾಳೆಯದಲ್ಲಿ ದವಸವೂ ಕರಗುತ್ತಿತ್ತು. ಮೇ 4ರ ಲಗ್ಗೆಗೆ ನಡುಮಧ್ಯಾಹ್ನ ಆರಿಸಿಕೊಂಡದ್ದು ಒಳಗಿನವರು ಬಿಸಿಲಿಗೆ ವಿಶ್ರಾಂತಿಯಲ್ಲಿರುತ್ತಾರೆ ಅನ್ನುವ ಎಣಿಕೆಯಿಂದ. ಮುಂದಾಳು ಬೇರ್ಡ್ ಅದೇ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಿದ್ದವನು. ನದಿ, ಹೊತ್ತು, ಹಳೆಯ ಲೆಕ್ಕ, ಮೂರೂ ಒಂದೇ ಕಡೆ.

ಮುತ್ತಿಗೆ ಬರೆಯುವವರು ಎಡವುವ ಜಾಗವೂ ಇದೇ. ಗೋಡೆ ಒಡೆಯಿತು, ನುಗ್ಗಿದರು, ಗೆದ್ದರು ಅಂತ ಮುಗಿಸುತ್ತಾರೆ. 1812ರ ಏಪ್ರಿಲ್ 6ರ ರಾತ್ರಿ, ಫ್ರೆಂಚರ ಕೈಲಿದ್ದ ಸ್ಪೇನಿನ ಕೋಟೆಯೂರು ಬಡಾಹೋಸ್‌ಗೆ ಇಂಗ್ಲಿಷರು ಲಗ್ಗೆ ಹಾಕಿದಾಗ ಆದದ್ದು ಬೇರೆ. ಒಡಕುಗಳಿಗೆ ಫ್ರೆಂಚರು ಕತ್ತಿಯಲಗು ನೆಟ್ಟ ದಿಮ್ಮಿ ಅಡ್ಡ ಹಾಕಿದ್ದರು, ಅಲ್ಲಿಗೆ ನುಗ್ಗಿದವರು ರಾಶಿ ಬಿದ್ದರು. ಊರು ಸಿಕ್ಕಿದ್ದು ಬೇರೆ ಕಡೆ ಏಣಿ ಹಾಕಿದವರಿಂದ. ಆಮೇಲೆ ಗೆದ್ದ ಸೇನೆಯೇ ಆ ಊರನ್ನು ದಿನಗಟ್ಟಲೆ ದೋಚಿತು. ಇದನ್ನು ಬಿಟ್ಟು ಬರೆದರೆ ಬರೀ ಬಾವುಟ ಹಾರಿಸಿದಂತೆ.

ಓಲೆಗರಿ:
ಹಾಗಾದರೆ ವಿವರ ಹೆಚ್ಚಿದಷ್ಟೂ ಒಳ್ಳೆಯದೇ? ಹಗ್ಗದ ಹೆಸರುಗಳಲ್ಲೇ ಮುಳುಗಿಹೋದ ಕಾದಂಬರಿಗಳೂ ಇವೆಯಲ್ಲ.

ಕೋವಿಮದ್ದು:
ಇಲ್ಲ. ಒಂದು ವಿವರ ಮೂರು ಸಲ ಬಂದರೆ ಉಳಿಯುತ್ತದೆ: ಕವಾಯತಿನಲ್ಲಿ ಒಮ್ಮೆ, ಸರಿಯಾಗಿ ನಡೆದಾಗ ಒಮ್ಮೆ, ಕೈಕೊಟ್ಟಾಗ ಒಮ್ಮೆ. ಒಂದೇ ಸಲ ಬಂದು ಹೋಗುವ ಹೆಸರು ಬರೀ ಅಲಂಕಾರ. ಹಗ್ಗದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಅದು ಕಡಿದರೆ ಯಾವ ಹಾಯಿ ಬೀಳುತ್ತದೆ ಅನ್ನುವುದು ಗೊತ್ತಿರಬೇಕು.

ಕಳಪೆಯದನ್ನು ಗುರುತಿಸುವುದು ಸುಲಭ. ಕುದುರೆ ಗಂಟೆಗಟ್ಟಲೆ ನಾಗಾಲೋಟ ಓಡಿದರೆ ಪುಸ್ತಕ ಮುಚ್ಚಿ. ರಾಹುತರ ದಾಳಿ ನಡಿಗೆಯಲ್ಲಿ ಶುರುವಾಗಿ, ದುಡಿಕಿಗೆ ಏರಿ, ಪೂರಾ ವೇಗ ಕೊನೆಯ ನೂರಿನ್ನೂರು ಮೀಟರಿಗೆ ಮಾತ್ರ. ಇಲ್ಲವಾದರೆ ಮುಟ್ಟುವ ಹೊತ್ತಿಗೆ ಕುದುರೆಗೆ ದಮ್ಮಿರುವುದಿಲ್ಲ, ಸಾಲೂ ಚೆದುರಿರುತ್ತದೆ. ಇನ್ನೊಂದು, ಹೊಗೆ. ಕರಿಮದ್ದಿನ ಎರಡು ಸುತ್ತು ಹಾರಿಸಿದ ಮೇಲೆ ಗಾಳಿಯಿಲ್ಲದಿದ್ದರೆ ಮೂವತ್ತು ಹೆಜ್ಜೆ ಆಚೆಯದು ಕಾಣುವುದೇ ಕಷ್ಟ. ಸಾಲಿನ ನಡುವೆ ನಿಂತವನು ಇಡೀ ರಣರಂಗ ಬಣ್ಣಿಸತೊಡಗಿದರೆ ಬರೆದವರು ಹೊಗೆಯನ್ನು ಮರೆತಿದ್ದಾರೆ.

ಹಾಯಿಹಗ್ಗ:
ಕಡಲ ಕಾಳಗಕ್ಕೂ ಇದೇ ಪರೀಕ್ಷೆ. ಗಾಳಿ ಬರುವ ಬದಿಯ ಹಡಗಿನ ಹೊಗೆ ಶತ್ರುವಿನ ಮೇಲೆ ಹೋಗುತ್ತದೆ, ಯಾವಾಗ ಮೈಮೇಲೆ ಬೀಳಬೇಕು ಅನ್ನುವ ಆಯ್ಕೆಯೂ ಅದಕ್ಕೇ. ಆದರೆ ಗಾಳಿ ಬಿರುಸಾದರೆ ಅದೇ ಹಡಗು ಶತ್ರುವಿನ ಕಡೆಗೆ ವಾಲಿ, ಆ ಬದಿಯ ಕೆಳಸಾಲಿನ ತೋಪುಕಿಂಡಿಗಳನ್ನು ನೀರು ನುಗ್ಗದಂತೆ ಮುಚ್ಚಬೇಕಾಗುತ್ತದೆ, ಭಾರಿ ತೋಪುಗಳೆಲ್ಲ ಸುಮ್ಮನೆ. ಈ ಎರಡನೆಯದನ್ನೂ ಕಥೆಯಲ್ಲಿ ದುಡಿಸಿಕೊಂಡವರ ಸರಣಿಯನ್ನು ಧೈರ್ಯವಾಗಿ ಕೊಳ್ಳಿ.